ಪಿಕಪ್ ಗಾಡಿಯ ಇಸಿಯು ಬದಲಾವಣೆ

ಎಂಜಿನ್ನಿಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ ಎಂದು ನಿರ್ಧರಿಸುವ ಕಂಪ್ಯೂಟರೇ ಇಸಿಯು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊರುವ ಡೀಸೆಲ್ ಪಿಕಪ್‌ಗಳಲ್ಲಿ ಇದು ಕೆಟ್ಟರೆ ಗಾಡಿ ಸ್ಟಾರ್ಟ್ ಆಗದು, ಇಲ್ಲವೇ ಹೆಬ್ಬಾಳದ ಮೇಲ್ಸೇತುವೆ ಏರುವಾಗ ಎಳೆತ ಕಳೆದುಕೊಳ್ಳುತ್ತದೆ. ಸಡಿಲವಾದ ಅರ್ತ್ ವೈರು, ಸೋತ ಬ್ಯಾಟರಿ, ಸುಟ್ಟ ರಿಲೇ, ನೀರು ಹೊಕ್ಕ ಕನೆಕ್ಟರ್ ಕೂಡ ಇದೇ ಲಕ್ಷಣ ತೋರುತ್ತವೆ. ಇವನ್ನು ನೋಡದೆ ಇಸಿಯು ಬದಲಿಸುವುದು ಮಾಲೀಕನ ದುಡಿಮೆಗೆ ಮಾಡುವ ಅನ್ಯಾಯ. ಬದಲಿಸಲೇಬೇಕಾದರೆ ಬ್ಯಾಟರಿ ಕಳಚಿಯೇ ಕೆಲಸ ಶುರುಮಾಡಬೇಕು. ಹೊಸದನ್ನು ಕೂರಿಸಿದರಷ್ಟೇ ಸಾಲದು: ಷಾಸಿ ನಂಬರು, ಕೀಲಿಯ ಇಮ್ಮೊಬಿಲೈಸರ್ ಗುರುತು, ಇಂಜೆಕ್ಟರುಗಳ ಮೇಲೆ ಕೊರೆದ ಸಂಕೇತಗಳನ್ನು ಬಹುತೇಕ ಮಾದರಿಗಳಲ್ಲಿ ಸ್ಕ್ಯಾನರಿನಿಂದ ತುಂಬಬೇಕು. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಮಾಲಿನ್ಯ ಮಟ್ಟದ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ಗಾಡಿಗಳಲ್ಲಿ ಫಿಲ್ಟರಿನ ಮಸಿಯ ಲೆಕ್ಕವನ್ನೂ ಹೊಂದಿಸಬೇಕಾಗುತ್ತದೆ.