ಆರೆಗಾನ್‌ನ ಹುಲ್ಲು ಮತ್ತು ಹೊಣೆಯ ಪ್ರಶ್ನೆ

ತೃಣಸಮಾನ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲದ ವಸ್ತುವಿಗೆ ಹುಲ್ಲುಕಡ್ಡಿಯನ್ನು ಹೋಲಿಕೆಯಾಗಿ ಕೊಡುವುದು ರೂಢಿ. ಆದರೆ ಹೀಗೆ ಲೆಕ್ಕಕ್ಕೆ ಬಾರದ ಒಂದು ಹುಲ್ಲು ಅಮೆರಿಕದ ಕೃಷಿ ಇಲಾಖೆಯನ್ನೂ ಎರಡು ದೊಡ್ಡ ಕಂಪನಿಗಳನ್ನೂ ಒಂದು ನ್ಯಾಯಾಲಯವನ್ನೂ ಎರಡು ರಾಜ್ಯಗಳ ರೈತರನ್ನೂ ಹದಿನೈದು ವರ್ಷಗಳ ಕಾಲ ಕಾಡಿತೆಂಬುದು ಇತ್ತೀಚಿನ ಇತಿಹಾಸ. ಆ ಹುಲ್ಲು ಮನುಷ್ಯರ ಆಹಾರವಲ್ಲ. ಅದನ್ನು ಬೆಳೆಸಹೊರಟದ್ದು ದನಗಳ ಮೇವಿಗಾಗಿಯೂ ಅಲ್ಲ. ಗಾಲ್ಫ್ ಆಟದ ಮೈದಾನದಲ್ಲಿ ಚೆಂಡು ನುಣ್ಣಗೆ ಉರುಳಲಿ ಎಂದು ಹಾಸುವ ಹಸಿರು ಅದು.

ಅದರ ಹೆಸರು ಕ್ರೀಪಿಂಗ್ ಬೆಂಟ್‌ಗ್ರಾಸ್. ಗಾಲ್ಫ್ ಮೈದಾನಗಳಲ್ಲಿ ಈ ಹುಲ್ಲಿನ ನಡುವೆ ಬೇರೆ ಜಾತಿಯ ಕಳೆಹುಲ್ಲು ಹುಟ್ಟಿಕೊಳ್ಳುವುದು ನಿತ್ಯದ ತೊಂದರೆ. ಹುಲ್ಲಿನೊಳಗಿನ ಹುಲ್ಲನ್ನು ಆರಿಸಿ ಕೊಲ್ಲುವುದು ಕಷ್ಟ. ಮಾನ್ಸಾಂಟೊ ಕಂಪನಿಯು 1974ರಲ್ಲಿ ಮಾರುಕಟ್ಟೆಗೆ ತಂದ ಗ್ಲೈಫೊಸೇಟ್ ಎಂಬ ಕಳೆನಾಶಕವು, ಸಸ್ಯಗಳು ಬೆಳೆಯಲು ಅವಶ್ಯವಾದ ಒಂದು ಕಿಣ್ವವನ್ನು ತಡೆದು, ಸಿಂಪಡಿಸಿದ ಹೆಚ್ಚುಕಡಿಮೆ ಎಲ್ಲ ಹಸಿರನ್ನೂ ಒಣಗಿಸುತ್ತದೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದಲ್ಲಿ ಈ ವಿಷಕ್ಕೆ ಜಗ್ಗದ ಕಿಣ್ವವೊಂದು ದೊರೆಯಿತು. ಅದರ ವಂಶವಾಹಿಯನ್ನು ಸೋಯಾ, ಹತ್ತಿ, ಮೆಕ್ಕೆಜೋಳಗಳಿಗೆ ಸೇರಿಸಿದ ಮೇಲೆ, ಹುಲ್ಲುಹಾಸಿನ ವ್ಯಾಪಾರದಲ್ಲಿ ಹೆಸರಾದ ಸ್ಕಾಟ್ಸ್ ಕಂಪನಿಯು ಮಾನ್ಸಾಂಟೊದೊಡನೆ ಕೂಡಿ ಬೆಂಟ್ ಹುಲ್ಲಿಗೂ ಸೇರಿಸಿತು. ಮೈದಾನದ ಮೇಲೆಲ್ಲ ಔಷಧ ಸಿಂಪಡಿಸಿದರೆ ಕಳೆ ಸಾಯಬೇಕು, ಹಾಸು ಉಳಿಯಬೇಕು: ಇಷ್ಟೇ ಅದರ ಉದ್ದೇಶ.

ಇಲ್ಲಿ ಆ ಹುಲ್ಲಿನ ಸ್ವಭಾವವನ್ನು ತುಸು ವಿವರವಾಗಿ ನೋಡುವುದು ಅವಶ್ಯ. ಮುಂದೆ ನಡೆದುದೆಲ್ಲವೂ ಆ ಸ್ವಭಾವದಲ್ಲಿಯೇ ಅಡಗಿದ್ದಿತು. ಅಮೆರಿಕದ ಹೊಲದಲ್ಲಿ ಸೋಯಾ ಗಿಡವು ಒಂದು ಋತುವಿನ ಬೆಳೆ. ಅದರ ಹೂವು ಬಹುತೇಕ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಆ ನೆಲದಲ್ಲಿ ಅದರೊಡನೆ ಕೂಡಬಲ್ಲ ಕಾಡುಬಂಧುಗಳೂ ಇಲ್ಲ. ರೈತನು ಬಿತ್ತುವುದನ್ನು ಬಿಟ್ಟರೆ ಅದು ಉಳಿಯಲಾರದು. ಬೆಂಟ್ ಹುಲ್ಲು ಇದಕ್ಕೆ ನೇರ ವಿರುದ್ಧ. ಅದು ವರ್ಷ ವರ್ಷವೂ ಚಿಗುರುವಂಥದು. ನಮ್ಮ ಗರಿಕೆಯಂತೆ ನೆಲದ ಮೇಲೆ ಬಳ್ಳಿ ಹರಿಸಿ, ಗೆಣ್ಣುಗೆಣ್ಣಿಗೂ ಬೇರೂರುತ್ತದೆ. ಅದರ ಪರಾಗವನ್ನು ಒಯ್ಯುವುದು ಗಾಳಿ. ಅದರ ಹಲವು ಬಂಧುಹುಲ್ಲುಗಳು ಅಮೆರಿಕದ ಹಳ್ಳಕೊಳ್ಳಗಳಲ್ಲಿ, ಕಾಲುವೆಯ ದಂಡೆಗಳಲ್ಲಿ, ಹುಲ್ಲುಗಾವಲುಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. ಬೀಜವಂತೂ ಧೂಳಿಗೆ ಸಮಾನ. ಒಂದು ಕಿಲೋಗ್ರಾಂ ಬೀಜದಲ್ಲಿ ಒಂದು ಕೋಟಿಗೂ ಹೆಚ್ಚು ಕಾಳುಗಳಿರುತ್ತವೆ.

ಬಂಧುಸಸ್ಯಗಳ ಈ ಪ್ರಶ್ನೆ ಭಾರತಕ್ಕೂ ಅಪರಿಚಿತವಲ್ಲ. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬಿ.ಟಿ. ಬದನೆಗೆ ತಡೆ ಹಾಕಿದಾಗ, ಬದನೆಯ ವೈವಿಧ್ಯಕ್ಕೆ ಭಾರತವೇ ತವರು ಎಂಬುದನ್ನು ಒಂದು ಕಾರಣವಾಗಿ ಮುಂದಿಟ್ಟಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಅದೇ ವಂಶವಾಹಿಯನ್ನು ಕುಡಚಿ ಬದನೆ, ಉಡುಪಿ ಗುಳ್ಳ ಮುಂತಾದ ನಾಡತಳಿಗಳಿಗೆ ಸೇರಿಸುವ ಕೆಲಸದಲ್ಲಿ ತೊಡಗಿದ್ದಿತು. ಬಹುಬೀಜವೆಂದು ಬದನೆಯನ್ನೇ ವರ್ಜಿಸುವ ಮನೆಗಳಿಗೂ ಇದು ಹೊರಗಿನ ವಿಷಯವಲ್ಲ. ಪರಾಗವು ಹೋಗುವುದು ಅಡಿಗೆಮನೆಗಲ್ಲ, ನೆರೆಯ ಗಿಡಕ್ಕೆ.

ಮತ್ತೆ ಅಮೆರಿಕದ ಹುಲ್ಲಿಗೆ ಬರೋಣ. ವಾಯವ್ಯ ದಿಕ್ಕಿನ ಆರೆಗಾನ್ ರಾಜ್ಯವು ಹುಲ್ಲಿನ ಬೀಜಕ್ಕೆ ಜಗತ್ಪ್ರಸಿದ್ಧ. ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮಕ್ಕಿರುವ ವಿಲಾಮೆಟ್ ಕಣಿವೆಯೇ ಆ ವ್ಯಾಪಾರದ ಮುಖ್ಯ ನೆಲೆ. ಅಲ್ಲಿಯ ಬೀಜ ಪರದೇಶಗಳಿಗೂ ಹೋಗುತ್ತದೆ. ಆ ವ್ಯಾಪಾರಕ್ಕೆ ಕಲಬೆರಕೆಯ ಕಳಂಕ ತಗಲಬಾರದೆಂದು ಪರ್ವತಗಳ ಪೂರ್ವಕ್ಕೆ, ಜೆಫರ್ಸನ್ ಕೌಂಟಿಯ ಮಡ್ರಾಸ್ ಪಟ್ಟಣದ ಬಳಿ (ಹೆಸರಿನ ಹೋಲಿಕೆ ಕಾಕತಾಳೀಯವಲ್ಲ, ಮದರಾಸು ಬಟ್ಟೆಯ ಮೂಲಕ ಅಲ್ಲಿಗೆ ಬಂದ ಹೆಸರೆನ್ನುತ್ತಾರೆ) ಸುಮಾರು 11,000 ಎಕರೆಯ ನಿಯಂತ್ರಣ ವಲಯವನ್ನು ರಾಜ್ಯದ ಕೃಷಿ ಇಲಾಖೆ ಗೊತ್ತುಮಾಡಿತು. 2002ರಲ್ಲಿ ಅದರೊಳಗೆ ಸುಮಾರು 400 ಎಕರೆಯಲ್ಲಿ ಹೊಸ ಹುಲ್ಲನ್ನು ಬಿತ್ತಲಾಯಿತು. ಅನುಮತಿ ಇದ್ದದ್ದು ಪ್ರಯೋಗಕ್ಕೆ ಮಾತ್ರ. ಮಾರಾಟಕ್ಕೆ ಬಿಡುಗಡೆ ಕೋರುವ ಅರ್ಜಿ ಕೇಂದ್ರ ಕೃಷಿ ಇಲಾಖೆಯ ಮುಂದೆ ಇದ್ದಿತು.

ಮೊದಲ ಬೀಜ ಕಟ್ಟಿದ್ದು 2003ರಲ್ಲಿ. ಆ ಆಗಸ್ಟ್‌ನಲ್ಲಿ, ಕೊಯ್ದು ಸಾಲುಸಾಲಾಗಿ ಒಣಗಲು ಬಿಟ್ಟಿದ್ದ ಹುಲ್ಲಿನ ಮೇಲೆ ಬಿರುಗಾಳಿ ಬೀಸಿತು. ತೆನೆಸಹಿತ ಹುಲ್ಲು ಹಾರಿ ವಲಯದ ಆಚೆಗೆ ಬಿದ್ದಿತು. ಬಿರುಗಾಳಿಗೆ ಮೊದಲೇ, ಹೂಬಿಡುವ ಕಾಲದಲ್ಲಿ, ಮಂದಾನಿಲವೂ ತನ್ನ ಕೆಲಸವನ್ನು ಮಾಡಿ ಮುಗಿಸಿದ್ದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಹೊಲಗಳ ಸುತ್ತ ದೂರದೂರದಲ್ಲಿ ಕಾವಲುಗಿಡಗಳನ್ನಿಟ್ಟು, ಅವುಗಳ ಬೀಜವನ್ನು ಮೊಳೆಯಿಸಿ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅವರ ವರದಿಯಂತೆ ಬಹುಪಾಲು ಪರಾಗ ಬಿದ್ದದ್ದು 2 ಕಿಲೋಮೀಟರಿನೊಳಗೆ. ಆದರೆ ತಾನಾಗಿ ಬೆಳೆದ ಹುಲ್ಲಿನಲ್ಲಿ 14 ಕಿಲೋಮೀಟರಿನವರೆಗೂ, ಕಾವಲುಗಿಡಗಳಲ್ಲಿ 21 ಕಿಲೋಮೀಟರಿನವರೆಗೂ ಹೊಸ ವಂಶವಾಹಿ ದೊರೆಯಿತು. ಅದಕ್ಕೆ ಮೊದಲಿನ ಅಂದಾಜುಗಳೆಲ್ಲ ಸಣ್ಣ ಮಡಿಗಳ ಪ್ರಯೋಗದಿಂದ ಬಂದವು. ಅಲ್ಲಿ ಕಂಡ ದೂರ ಕೆಲವು ನೂರು ಮೀಟರು ಮಾತ್ರ. ಒಂದು ಹಣತೆಯ ಹೊಗೆಯನ್ನು ಅಳೆದು ಸುಣ್ಣದ ಭಟ್ಟಿಯ ಹೊಗೆಯನ್ನು ಲೆಕ್ಕ ಹಾಕಿದಂತಾಯಿತು.

2006ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಮತ್ತೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ವಿಶಾಲ ಪ್ರದೇಶದಿಂದ ತಂದ 20,400 ಎಲೆಗಳಲ್ಲಿ 9 ಗಿಡಗಳು ಮಾತ್ರ ಹೊಸ ವಂಶವಾಹಿಯನ್ನು ಹೊತ್ತಿದ್ದವು. ಅವುಗಳಲ್ಲಿ ಕೆಲವು ವಲಯದ ಗಡಿಯಿಂದ 3.8 ಕಿಲೋಮೀಟರಿನಷ್ಟು ಆಚೆಗಿದ್ದವು. ನೂರಕ್ಕೆ 0.04 ಎಂಬುದನ್ನು ಯಾವ ಅಂಗಡಿಯ ಲೆಕ್ಕದಲ್ಲಾದರೂ ಗೋದಾಮಿನ ಸೋರಿಕೆಯೆಂದು ಬರೆದು ಮುಗಿಸಬಹುದು. ಆದರೆ ಸೋರಿದ ಸಕ್ಕರೆ ನೆಲದಲ್ಲಿ ಬೇರು ಬಿಡುವುದಿಲ್ಲ. ಹೊಲಗಳಿದ್ದ ವಲಯದೊಳಗೂ ಅದರ ಸುತ್ತಲೂ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು ಅದೇ 2006ರಲ್ಲಿ 585 ಬೆಂಟ್ ಹುಲ್ಲಿನ ಗಿಡಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 62ರಲ್ಲಿ ಆ ವಂಶವಾಹಿ ಇದ್ದಿತು. ಬೆಳೆಯನ್ನು ಕಿತ್ತುಹಾಕಿ ಆಗಲೇ ಮೂರು ವರ್ಷಗಳಾಗಿದ್ದವು.

ಸರಕಾರದೊಳಗೇ ಇದಕ್ಕೆ ವಿರೋಧವಿದ್ದಿತೆಂಬುದನ್ನು ಮರೆಯಲಾಗದು. ರಾಷ್ಟ್ರೀಯ ಅರಣ್ಯಗಳ ಹೊಣೆ ಹೊತ್ತ ಅರಣ್ಯಸೇವೆಯು, ಈ ಹುಲ್ಲು ಅರಣ್ಯದ ನೆಲಗಳಿಗೆ ಹಬ್ಬಿದರೆ ಕೀಳಲು ತನ್ನಲ್ಲಿ ಸಾಧನವಿರುವುದಿಲ್ಲವೆಂದು ಆಕ್ಷೇಪಿಸಿತ್ತು. 2007ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ಹೆನ್ರಿ ಕೆನಡಿಯವರು, ಪರಿಸರದ ಮೇಲಿನ ಪರಿಣಾಮವನ್ನು ಸರಿಯಾಗಿ ಪರಿಶೀಲಿಸದೆ ಪ್ರಯೋಗಕ್ಕೆ ಅನುಮತಿ ಕೊಟ್ಟದ್ದು ತಪ್ಪೆಂದು ಕೃಷಿ ಇಲಾಖೆಯ ವಿರುದ್ಧ ತೀರ್ಪಿತ್ತರು. ಅದೇ ವರ್ಷದ ನವೆಂಬರಿನಲ್ಲಿ ಸ್ಕಾಟ್ಸ್ ಕಂಪನಿಯು 5 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಆ ಕಾನೂನಿನಲ್ಲಿ ಅದೇ ಗರಿಷ್ಠ ಮೊತ್ತ.

ದಂಡದೊಡನೆ ಪ್ರಕರಣ ಮುಗಿಯಬಹುದಾಗಿತ್ತು, ಮುಗಿಯಲಿಲ್ಲ. ಜೆಫರ್ಸನ್ ಕೌಂಟಿಯಿಂದ ಬಹುದೂರ, ರಾಜ್ಯದ ಪೂರ್ವದ ಅಂಚಿನಲ್ಲಿ ಮಾಲ್ಯೂರ್ ಕೌಂಟಿಯಿದೆ. ಈರುಳ್ಳಿ, ಸಕ್ಕರೆಬೀಟುಗಳನ್ನು ಕಾಲುವೆ ನೀರಿನಲ್ಲಿ ಬೆಳೆಯುವ ಸೀಮೆ. 2010ರಲ್ಲಿ ಅಲ್ಲಿಯ ಕಾಲುವೆಗಳಲ್ಲಿ, ಎಷ್ಟು ಗ್ಲೈಫೊಸೇಟ್ ಸಿಂಪಡಿಸಿದರೂ ಸಾಯದ ಬೆಂಟ್ ಹುಲ್ಲು ಕಾಣಿಸಿತು. ಸ್ನೇಕ್ ನದಿಯ ಆಚೆ ದಡದ ಐಡಾಹೊ ರಾಜ್ಯದಲ್ಲಿಯೂ ಕಂಪನಿಯ ಪ್ರಯೋಗದ ಹೊಲಗಳಿದ್ದವು. ಹುಲ್ಲು ಅಲ್ಲಿಂದ ನದಿ ದಾಟಿ ಬಂದಿದ್ದಿತು. ಕಾಲುವೆಯಲ್ಲಿ ಹುಲ್ಲು ಹೆಪ್ಪುಗಟ್ಟಿದರೆ ನೀರಿನ ಓಟ ನಿಲ್ಲುತ್ತದೆ. ನೀರಿನ ಬದಿಯಲ್ಲಿ ಬಳಸಲು ಅನುಮತಿಯಿರುವ ಕಳೆನಾಶಕಗಳೇ ಕೆಲವು. ಅವುಗಳಲ್ಲಿ ಅಗ್ಗವಾದದ್ದು ಈಗ ವ್ಯರ್ಥವಾಗಿದ್ದಿತು. 2012ರ ಹೊತ್ತಿಗೆ ಆ ಹುಲ್ಲು ಬೇರೆಯೇ ಕುಲಕ್ಕೆ ಸೇರಿದ ಒಂದು ಹುಲ್ಲಿನೊಡನೆ ಕೂಡಿ ಹುಟ್ಟಿದ ಗಿಡವೂ ದೊರೆಯಿತು.

ನ್ಯಾಯದೃಷ್ಟಿಯಿಂದ ಇನ್ನೊಂದು ಪಕ್ಷವನ್ನೂ ಹೇಳಬೇಕು. ಈ ಹುಲ್ಲು ವಿಷವಲ್ಲ. ಗ್ಲೈಫೊಸೇಟ್ ಸಿಂಪಡಿಸದ ಜಾಗದಲ್ಲಿ ಹೊಸ ವಂಶವಾಹಿಯಿಂದ ಅದಕ್ಕೆ ವಿಶೇಷ ಬಲವೇನೂ ಬರುವುದಿಲ್ಲ. ತಪ್ಪಿಸಿಕೊಂಡ ಗಿಡಗಳನ್ನು ಹುಡುಕಿ ನಾಶಮಾಡಲು ಕಂಪನಿಯು ವರ್ಷಗಟ್ಟಲೆ ಹಣ ಖರ್ಚು ಮಾಡಿದ್ದೂ ನಿಜ. ದೋಷವಿದ್ದದ್ದು ಅಪಾಯವನ್ನು ಅಳೆಯಲು ಕೇಳಿಕೊಂಡ ಪ್ರಶ್ನೆಯಲ್ಲಿ. ಕಾನೂನು ಕೇಳುತ್ತಿದ್ದದ್ದು, ಈ ಗಿಡವು ಕೀಟರೋಗಗಳಂತೆ ಬೇರೆ ಸಸ್ಯಗಳಿಗೆ ಪೀಡೆಯಾಗುವುದೇ ಎಂದು. ಹರಡಿದ ಮೇಲೆ ಹಿಂದಕ್ಕೆ ತರಲು ಸಾಧ್ಯವೇ, ತರುವ ಖರ್ಚು ಯಾರದು ಎಂಬ ಪ್ರಶ್ನೆಗೆ ಅಲ್ಲಿ ಸ್ಥಾನವೇ ಇರಲಿಲ್ಲ. 2011ರಲ್ಲಿ ಅದೇ ಕಂಪನಿಯ ಕೆಂಟಕಿ ಬ್ಲೂಗ್ರಾಸ್ ಎಂಬ ಇನ್ನೊಂದು ಕುಲಾಂತರಿ ಹುಲ್ಲಿನ ವಿಷಯ ಬಂದಾಗ, ಅದರ ತಯಾರಿಕೆಯಲ್ಲಿ ಪೀಡೆಯೆನಿಸುವ ಯಾವ ಜೀವಿಯ ಅಂಶವನ್ನೂ ಬಳಸಿಲ್ಲವಾದ್ದರಿಂದ ಅದು ತನ್ನ ಅಧಿಕಾರದ ವ್ಯಾಪ್ತಿಗೇ ಬಾರದೆಂದು ಇಲಾಖೆ ಹೇಳಿತು. ಹುಲ್ಲು ಹೇಗೆ ಬದುಕುತ್ತದೆ ಎಂಬುದಲ್ಲ, ಹೇಗೆ ತಯಾರಾಯಿತು ಎಂಬುದೇ ಮುಖ್ಯವಾಯಿತು.

ಬೆಂಟ್ ಹುಲ್ಲಿನ ವಿಷಯದಲ್ಲಿ 2015ರಲ್ಲಿ ಇಲಾಖೆಗೂ ಕಂಪನಿಗೂ ಒಪ್ಪಂದವಾಯಿತು. ಕಂಪನಿಯು ಅದನ್ನು ಎಂದಿಗೂ ಮಾರಾಟಕ್ಕೆ ತರುವುದಿಲ್ಲವೆಂದೂ, ಅದರ ನಿಯಂತ್ರಣಕ್ಕೆ ರೈತರಿಗೆ ಕೆಲವು ವರ್ಷ ನೆರವಾಗುವುದೆಂದೂ ಒಪ್ಪಿತು. 2017ರ ಜನವರಿಯಲ್ಲಿ, ಅದು ಸಸ್ಯಪೀಡೆಯಾಗುವ ಸಂಭವವಿಲ್ಲವೆಂದು ತೀರ್ಮಾನಿಸಿದ ಇಲಾಖೆಯು ಹುಲ್ಲನ್ನು ತನ್ನ ನಿಯಂತ್ರಣದಿಂದ ಬಿಡುಗಡೆ ಮಾಡಿತು. ಯಾವ ಗಾಲ್ಫ್ ಮೈದಾನಕ್ಕೂ ಅದು ಮಾರಾಟವಾಗಲಿಲ್ಲ. ಕಾಗದದ ಮೇಲೆ ಅಂದಿನಿಂದ ಅದು ಬೇರೆಲ್ಲ ಹುಲ್ಲಿನಂತೆ ಒಂದು ಹುಲ್ಲು. ಮಾಲ್ಯೂರಿನ ಕಾಲುವೆಯ ದಂಡೆಗಳನ್ನು ತೆರವಾಗಿಡುವ ಕೆಲಸ ಮಾತ್ರ ಅಲ್ಲಿಯ ನೀರಾವರಿ ಮಂಡಳಿಗಳ ಮತ್ತು ಈರುಳ್ಳಿ ಬೆಳೆಗಾರರ ಪಾಲಿಗೆ ಉಳಿಯಿತು.