ಸ್ಯಾಕ್ಸ್ ಜೆ1808: ಒಂದು ನ್ಯೂಟ್ರಾನ್ ತಾರೆಯ ಉಲ್ಬಣಗಳ ವೀಕ್ಷಣೆಯ ಇತಿಹಾಸ

1982ರಲ್ಲಿ ಡೊನಾಲ್ಡ್ ಬ್ಯಾಕರ್ ಮತ್ತು ಸಂಗಡಿಗರು ಸೆಕೆಂಡಿಗೆ 642 ಬಾರಿ ತಿರುಗುವ ರೇಡಿಯೋ ಪಲ್ಸಾರೊಂದನ್ನು ಪತ್ತೆಹಚ್ಚಿದಾಗ, ಅದಕ್ಕೆ ಇಷ್ಟು ವೇಗ ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದಿತು. ಪಲ್ಸಾರ್‌ಗಳು ವಯಸ್ಸಾದಂತೆ ನಿಧಾನವಾಗುತ್ತವೆ ಎಂಬುದು ಅದುವರೆಗಿನ ತಿಳಿವಳಿಕೆ. ಆದರೆ ಈ ತಾರೆಯ ಸುತ್ತ ಎಳೆಯ ಪಲ್ಸಾರ್‌ಗೆ ತಕ್ಕ ಸ್ಫೋಟದ ಅವಶೇಷಗಳಿರಲಿಲ್ಲ. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಮುದಿಯಾದ ನ್ಯೂಟ್ರಾನ್ ತಾರೆ ತನ್ನ ಜೊತೆಗಾರ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಳ್ಳುತ್ತ ಮರಳಿ ವೇಗ ಪಡೆಯುತ್ತದೆ ಎಂಬುದು ಅದರ ಸಾರ. ಅಲ್ಪಾರ್ ಮತ್ತು ಸಹಲೇಖಕರು ಸ್ವತಂತ್ರವಾಗಿ ಇದೇ ನಿಲುವಿಗೆ ಬಂದಿದ್ದರು. ಊಹೆ ಸೊಗಸಾಗಿತ್ತು; ಆದರೆ ದ್ರವ್ಯವನ್ನು ಸೆಳೆಯುತ್ತಿರುವಾಗಲೇ ಇಂಥ ವೇಗದಲ್ಲಿ ಮಿಡಿಯುವ ತಾರೆಯನ್ನು ಯಾರೂ ಕಂಡಿರಲಿಲ್ಲ. ಸಾಕ್ಷ್ಯ ದೊರೆಯಲು ಹದಿನಾರು ವರ್ಷ ಬೇಕಾಯಿತು.

ಇಂಥ ಜೋಡಿತಾರೆಗಳು ಹೆಚ್ಚಿನ ಕಾಲ ಮೌನವಾಗಿರುವುದೇ ವಿಳಂಬಕ್ಕೆ ಒಂದು ಮುಖ್ಯ ಕಾರಣ. ಜೊತೆಗಾರನಿಂದ ಹರಿದ ಅನಿಲ ನ್ಯೂಟ್ರಾನ್ ತಾರೆಯ ಸುತ್ತಲಿನ ತಟ್ಟೆಯಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ತಟ್ಟೆ ಕಾದು ಅದರ ಹೈಡ್ರೋಜನ್ ಅಯಾನೀಕರಣಗೊಂಡಾಗ ದ್ರವ್ಯ ಒಮ್ಮೆಲೇ ಒಳಕ್ಕೆ ಧುಮುಕಿ, ಕೆಲವು ವಾರಗಳ ಕಾಲ ಕ್ಷ-ಕಿರಣಗಳ ಉಲ್ಬಣ ಕಾಣಿಸುತ್ತದೆ. ಆ ವಾರಗಳಲ್ಲಿ ಯಾರಾದರೂ ಅತ್ತ ನೋಡುತ್ತಿರಬೇಕು.

1996ರ ಸೆಪ್ಟೆಂಬರ್‌ನಲ್ಲಿ ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳ ಬೆಪ್ಪೋಸ್ಯಾಕ್ಸ್ ಉಪಗ್ರಹದ ವಿಶಾಲಕ್ಷೇತ್ರ ಕ್ಯಾಮರಾಗಳು ಧನು ರಾಶಿಯಲ್ಲಿ ಹೊಸ ಆಕರವೊಂದನ್ನು ಕಂಡವು. ಸ್ಯಾಕ್ಸ್ ಜೆ1808.4-3658 ಎಂಬ ಹೆಸರಿನ ಅಂಕಿಗಳು ಆಕಾಶದಲ್ಲಿ ಅದರ ಸ್ಥಾನಸೂಚಕಗಳು. ಅದರಿಂದ ಹೊಮ್ಮಿದ, ಸೆಕೆಂಡುಗಳಷ್ಟೇ ಬಾಳುವ ಉಷ್ಣಬೈಜಿಕ ಸಿಡಿತಗಳು ಅದು ನ್ಯೂಟ್ರಾನ್ ತಾರೆಯೆಂಬುದನ್ನು ಖಚಿತಪಡಿಸಿದವು. ಮಿಡಿತ ಮಾತ್ರ ಆಗ ಗೋಚರಿಸಲಿಲ್ಲ. 1998ರ ಏಪ್ರಿಲ್ 9ರಂದು ಅಮೆರಿಕದ ರಾಸ್ಸಿ ಉಪಗ್ರಹ ಒಂದು ಗುರಿಯಿಂದ ಇನ್ನೊಂದಕ್ಕೆ ಹೊರಳುವಾಗ ಈ ಆಕರ ಮತ್ತೆ ಹೊಳೆಯುತ್ತಿದ್ದುದು ಆಕಸ್ಮಿಕವಾಗಿ ಕಂಡಿತು. ಆಕಸ್ಮಿಕವೆಂದರೂ, ಕಂಡೊಡನೆ ಉಪಕರಣವನ್ನು ಅತ್ತ ತಿರುಗಿಸುವ ಸಿದ್ಧತೆ ಇದ್ದುದರಿಂದಲೇ ಅದು ಫಲಿಸಿತು. ರೂಡಿ ವೈನಾಂಡ್ಸ್ ಮತ್ತು ಮಿಶಿಯೆಲ್ ವಾನ್ ಡೆರ್ ಕ್ಲಿಸ್ ಸೆಕೆಂಡಿಗೆ 401 ಮಿಡಿತಗಳನ್ನು ಗುರುತಿಸಿದರು. ದೀಪ್ತೊ ಚಕ್ರವರ್ತಿ ಮತ್ತು ಎಡ್ವರ್ಡ್ ಮಾರ್ಗನ್ ಕಕ್ಷಾವಧಿ 2.01 ಗಂಟೆಯೆಂದು ಅಳೆದರು. ಎರಡೂ ಲೇಖನಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ಜೋಡಿಯ ನಡುವಿನ ಅಂತರ ಅಂದಾಜಿನಲ್ಲಿ ಸೂರ್ಯನ ತ್ರಿಜ್ಯಕ್ಕಿಂತಲೂ ತುಸು ಕಡಿಮೆ!

2002ರ ಉಲ್ಬಣದಲ್ಲಿ ದಾಖಲಾದ ನಾಲ್ಕು ಸಿಡಿತಗಳಲ್ಲಿಯೂ 401ರ ಆಂದೋಲನವೇ ಕಂಡುಬಂದುದರಿಂದ, ಸಿಡಿತಗಳ ಆಂದೋಲನವು ತಾರೆಯ ಭ್ರಮಣವನ್ನೇ ಸೂಚಿಸುತ್ತದೆ ಎಂಬುದು ಸ್ಥಿರಪಟ್ಟಿತು. ಮಿಡಿತ ಕಾಣದ ಇತರ ನ್ಯೂಟ್ರಾನ್ ತಾರೆಗಳ ವೇಗವನ್ನೂ ಅಳೆಯಲು ಇದರಿಂದ ದಾರಿಯಾಯಿತು.

ಈ ತಾರೆಯ ಚರಿತ್ರೆಯಲ್ಲಿ ಹೆಚ್ಚು ಚಿಂತನಾರ್ಹವಾದುದು ಒಂದೇ ಉಲ್ಬಣದಲ್ಲಿ ಕಾಣುವಂಥದಲ್ಲ. 1998ರಿಂದ 2005ರವರೆಗಿನ ನಾಲ್ಕು ಉಲ್ಬಣಗಳ ಮಿಡಿತಗಳನ್ನು ಒಟ್ಟಿಗೆ ಜೋಡಿಸಿ ಜೇಕಬ್ ಹಾರ್ಟ್‌ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಾರೆ ವೇಗ ಪಡೆಯುತ್ತಿರಲಿಲ್ಲ, ಅತ್ಯಲ್ಪವಾಗಿ ನಿಧಾನವಾಗುತ್ತಿತ್ತು. ಬೆಂಗಳೂರಿನ ಊಹೆಗೆ ಇದು ಖಂಡನೆಯೆಂದು ತಿಳಿಯುವುದು ಅವಸರದ ತೀರ್ಮಾನ. ಈ ತಾರೆ ಉಣ್ಣುವ ದಿನಗಳು ಕೆಲವೇ, ಉಪವಾಸದ ವರ್ಷಗಳು ಹಲವು. ಆ ಬಿಡುವಿನಲ್ಲಿ ಅದರ ಸುಮಾರು ಹತ್ತು ಕೋಟಿ ಗಾಸ್‌ನ ಕಾಂತಕ್ಷೇತ್ರ ಭ್ರಮಣಕ್ಕೆ ತಡೆಯೊಡ್ಡುತ್ತದೆಂಬ ವಿವರಣೆ ಯುಕ್ತವಾಗಿ ತೋರುತ್ತದೆ. ಭ್ರಮಣವೇಗದ ಗಳಿಕೆ ಬಹುಮಟ್ಟಿಗೆ ಹಿಂದೆ, ದ್ರವ್ಯದ ಹರಿವು ಸಮೃದ್ಧವಾಗಿದ್ದ ಯುಗದಲ್ಲಿ ಆಗಿರಬೇಕು.

ರಾಸ್ಸಿ 2012ರ ಜನವರಿಯಲ್ಲಿ ನಿವೃತ್ತವಾಯಿತು. ಆದರೆ ಕಾವಲು ನಿಲ್ಲಲಿಲ್ಲ. 1996ರಿಂದ 2022ರವರೆಗೆ ಹತ್ತು ಉಲ್ಬಣಗಳು ದಾಖಲಾಗಿವೆ. 2019ರಲ್ಲಿ ಸಂಶೋಧಕರು ಮುಂಚಿತವಾಗಿಯೇ ಕಾದಿದ್ದರು. ಗೋಚರ ಬೆಳಕು ಏರತೊಡಗಿದ ಸುಮಾರು ಹನ್ನೆರಡು ದಿನಗಳ ನಂತರ ಕ್ಷ-ಕಿರಣಗಳ ಉಲ್ಬಣ ಆರಂಭವಾದುದನ್ನು ಅಳೆಯಲು ಇದರಿಂದ ಸಾಧ್ಯವಾಯಿತು. ಆ ಆಗಸ್ಟ್‌ನಲ್ಲಿ, 2015ರಲ್ಲಿ ಶ್ರೀಹರಿಕೋಟಾದಿಂದ ಉಡಾಯಿಸಲಾದ ಭಾರತದ ಆಸ್ಟ್ರೋಸ್ಯಾಟ್ ಸಹ ಈ ಆಕರದ ಕಡೆಗೆ ತಿರುಗಿತು. ಅದು ಒಯ್ದಿದ್ದ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿರ್ಮಿಸಿದ ಕ್ಷ-ಕಿರಣ ಗಣಕಗಳಲ್ಲಿ 401ರ ಮಿಡಿತ ದಾಖಲಾಯಿತು.