ಮಲಾಡಿನ ಕಲ್ಲು, ಮುಂಬಯಿಯ ಗೋಡೆ

ಮುಂಬಯಿಯ ಕೋಟೆ ಪ್ರದೇಶದ ಭವ್ಯ ಕಟ್ಟಡಗಳನ್ನು ಕಟ್ಟಿಸಿದವರ ಹೆಸರುಗಳು ನಮಗೆ ಗೊತ್ತು. ಕಲ್ಲು ಯಾವ ಊರಿನದೆಂದು ಕೇಳಿದವರು ಕಡಿಮೆ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಜನರಿಗೆ ತೆರೆದುಕೊಂಡ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ಎರಡು ಬಗೆಯ ಕಲ್ಲುಗಳಿವೆ: ಕುರ್ಲಾದ ಬೂದುಗಲ್ಲು ಮತ್ತು ಮಲಾಡಿನ ತಿಳಿಹಳದಿ ಕಲ್ಲು. ಅದನ್ನು ರೂಪಿಸಿದ ಜಾರ್ಜ್ ವಿಟೆಟ್ ಅವರದೇ ಮತ್ತೊಂದು ಕೃತಿ, 1924ರಲ್ಲಿ ಮುಗಿದ ಗೇಟ್‌ವೇ ಆಫ್ ಇಂಡಿಯಾ. ಅದರ ಹಳದಿ ಕಲ್ಲು ಮಲಾಡ್ ಪಶ್ಚಿಮದ ಖರೋಡಿಯದು.

ಈ ಹಳದಿಯ ಹಿಂದೆ ದೀರ್ಘವಾದ ಕಥೆಯಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ಮೇಲೆ ಪದರಪದರವಾಗಿ ಹರಿದ ಲಾವಾ ಆರಿ ಕಪ್ಪನೆಯ ಬಸಾಲ್ಟ್ ಆಯಿತು. ಅಂಧೇರಿಯ ಗಿಲ್ಬರ್ಟ್ ಹಿಲ್‌ನ ನೀಳ ಕಂಬಗಳು ಬಸಾಲ್ಟಿನವು. ವಿಜಯಪುರದ ಗೋಲಗುಂಬಜದ ಕಲ್ಲೂ ಅದೇ ಕುಲದ್ದು. ಮನೋರಿಯ ಕಡೆ ಮಾತ್ರ, ಸುಮಾರು 40 ಲಕ್ಷ ವರ್ಷ ತಡವಾಗಿ, ಬೇರೆ ಬಗೆಯ ಲಾವಾ ಮೇಲೆದ್ದಿತು. ಅದರಲ್ಲಿ ಸಿಲಿಕಾ ಹೆಚ್ಚು, ಕಬ್ಬಿಣ ಕಡಿಮೆ. ಆದ್ದರಿಂದ ಬಣ್ಣ ತಿಳಿಯಾಯಿತು. ಭೂವಿಜ್ಞಾನಿಗಳು ಅದನ್ನು ಟ್ರಾಕೈಟ್ ಎನ್ನುತ್ತಾರೆ.

ನಡೆದಾಡುವಾಗ ಇವನ್ನು ಗುರುತಿಸಲು ಹೊರಮೈಯನ್ನು ನಂಬಬಾರದು. ಮಳೆಬಿಸಿಲಿಗೆ ಬಸಾಲ್ಟೂ ಕಂದುಹಳದಿಯಾಗಿ, ಈರುಳ್ಳಿಯ ಸಿಪ್ಪೆಯಂತೆ ಕಳಚುತ್ತದೆ. ಒಡೆದ ಹೊಸ ಮುಖವನ್ನು ನೋಡಬೇಕು: ಬಸಾಲ್ಟ್ ಒಳಗೆ ಕಪ್ಪು, ಕೈಗೆ ಭಾರ, ಟ್ರಾಕೈಟ್ ಒಳಗೂ ತಿಳಿ. ಬಸಾಲ್ಟಿನಲ್ಲಿ ಕಾಣುವ ಬಿಳಿಯ ಚುಕ್ಕೆಗಳು ಲಾವಾದ ಗಾಳಿಗುಳ್ಳೆಗಳಲ್ಲಿ ಮುಂದೆ ತುಂಬಿಕೊಂಡ ಖನಿಜಗಳು. ಗಾಜನ್ನು ಗೀರಿದರೆ ಬೆಣಚು; ಚಾಕುವಿಗೆ ಗೀರುಬಿದ್ದು, ನಿಂಬೆರಸಕ್ಕೆ ಸಣ್ಣಗೆ ನೊರೆಯೆದ್ದರೆ ಕ್ಯಾಲ್ಸೈಟ್; ಹುರಿಹುರಿಯಾದ ಬಿಳಿ ಹರಳುಗಳಾದರೆ ಬಹುಶಃ ಜಿಯೋಲೈಟ್. ಮಲಾಡಿನ ಗಣಿಗಳಲ್ಲಿ ದೊರೆತ, ದ್ರಾಕ್ಷಿಗೊಂಚಲಿನಂತಹ ತಿಳಿಹಸಿರು ಪ್ರೆಹ್ನೈಟ್ ಖನಿಜ ಸಂಗ್ರಾಹಕರಿಗೆ ಚಿರಪರಿಚಿತ. ಆದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲನ್ನು ಒಡೆಯುವಂತಿಲ್ಲ, ಎತ್ತಿಕೊಂಡು ಬರುವಂತಿಲ್ಲ. ಅಲ್ಲಿ ಕಣ್ಣಿಗಷ್ಟೇ ಕೆಲಸ.

ಇಂದು ಆ ಹಳೆಯ ಗಣಿಗಳು ಹುಡುಕಿದರೂ ಸಿಗುವುದು ಕಷ್ಟ. ಅಗೆದ ನೆಲದ ಮೇಲೆ ವಸತಿಗಳೆದ್ದಿವೆ. ಕಲ್ಲು ಕಡಿದವರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಕಲ್ಲೊಡೆಯುವ ಕಸುಬನ್ನೇ ಕುಲವೃತ್ತಿಯಾಗಿಸಿಕೊಂಡು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳ ಉದ್ದಗಲಕ್ಕೂ ಅಲೆದ ವಡ್ಡರ ಸಮುದಾಯದ ಚರಿತ್ರೆಯೂ ಹೀಗೆಯೇ ಬಹುಪಾಲು ಬರೆಯದೆ ಉಳಿದಿದೆ.

ಕರಾವಳಿಯಿಂದ ಬಂದ ನಮಗೆ ಮನೆಯ ಕಲ್ಲೆಂದರೆ ಕೆಂಪು ಮುರಕಲ್ಲು, ವಿಜಯಪುರದವರಿಗೆ ಕರಿಕಲ್ಲು. ಮೂರು ತಲೆಮಾರು ಬಾಳಿದ ಮೇಲೂ ಕಾಲಡಿಯ ಕಲ್ಲಿನ ಹೆಸರು ತಿಳಿಯದಿದ್ದರೆ ಈ ಊರು ನಮ್ಮದೆಂದು ಹೇಳುವುದು ಹೇಗೆ? ಗಣಿ ಮುಚ್ಚಿದರೂ ಗೋಡೆಗಳು ನಿಂತಿವೆ. ಮುಂದಿನ ಬಾರಿ ಮಕ್ಕಳನ್ನು ಗೇಟ್‌ವೇಗೆ ಕರೆದೊಯ್ಯುವಾಗ, ಇದು ನಮ್ಮ ಮಲಾಡಿನ ಕಲ್ಲು ಎಂದು ತೋರಿಸೋಣ.